ಪಾಲಿನ ಬಾವಿಗೆ ಎರಡು ಲೆಕ್ಕ

ನೀರಿನ ಅಣುವಿನ ಎಲೆಕ್ಟ್ರಾನ್ ಚುಕ್ಕಿ ಚಿತ್ರ ಬರೆಯಿರಿ ಅಂದಾಗ ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. ಆಕ್ಸಿಜನ್ ಬರೆದು ಸುತ್ತ ಅದರ ಹೊರಕವಚದ ಒಂದೊಂದು ಎಲೆಕ್ಟ್ರಾನಿಗೆ ಒಂದರಂತೆ ಆರು ಚುಕ್ಕಿ ಇಡುತ್ತಾರೆ. ಎರಡು ಬದಿಗೆ ಹೈಡ್ರೋಜನ್ ಬರೆಯುತ್ತಾರೆ. ಬಂಧ ತೋರಿಸಬೇಕಲ್ಲ ಅಂತ ನಡುವೆ ಹೊಸದಾಗಿ ಎರಡೆರಡು ಚುಕ್ಕಿ ಸೇರಿಸುತ್ತಾರೆ. ಆರು, ಅದರ ಮೇಲೆ ನಾಲ್ಕು, ಒಟ್ಟು ಹತ್ತು. ಆಕ್ಸಿಜನ್ನಿನ ಹೊರಕವಚದಲ್ಲಿ ಎಂಟಕ್ಕಿಂತ ಹೆಚ್ಚು ಎಲೆಕ್ಟ್ರಾನಿಗೆ ಜಾಗವೇ ಇಲ್ಲ. ಆ ಹೆಚ್ಚಿನ ಚುಕ್ಕಿಗಳು ಎಲ್ಲಿಂದ ಬಂದವು ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ತಪ್ಪು ಎಣಿಕೆಯಲ್ಲಿ ಕಂಡರೂ ಅದರ ಬೇರು ‘ಹಂಚಿಕೆ’ ಎಂಬ ಮಾತಿನಲ್ಲಿದೆ. ಬೆಲ್ಲ ಹಂಚಿದರೆ ಕೊಟ್ಟದ್ದು ಹೋಯಿತು, ಉಳಿದದ್ದು ನಮ್ಮದು. ಪರಮಾಣುಗಳು ಮಾಡುವುದು ಆ ಬಗೆಯ ಹಂಚಿಕೆ ಅಲ್ಲ. ಅದಕ್ಕೆ ಸರಿಯಾದ ಮಾತು ನಮ್ಮ ಹೊಲಗಳ ಕಡೆಯೇ ಇದೆ: ಪಾಲು.

ನಮ್ಮ ಕಲಬುರಗಿಯ ಆಳಂದ, ಅಫಜಲಪುರ, ಚಿಂಚೋಳಿ, ಯಾವ ಕಡೆಗಾದರೂ ಹೋಗಿ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲವನ್ನು ಬದು ಹಾಕಿ ಒಡೆಯುತ್ತಾರೆ, ಬಾವಿಯನ್ನು ಒಡೆಯಲು ಬರುವುದಿಲ್ಲ. ಬದುವಿನ ಮೇಲೆ ಒಂದು ಬಾವಿ, ಎರಡೂ ಹೊಲಕ್ಕೆ ಅದೇ ನೀರು. ಅಣ್ಣನನ್ನು “ನಿನ್ನ ಹೊಲಕ್ಕೆ ಬಾವಿ ಐತೇನು?” ಅಂತ ಕೇಳಿದರೆ ಐತಿ ಅಂತಾನೆ. ತಮ್ಮನೂ ಐತಿ ಅಂತಾನೆ. ಇಬ್ಬರದೂ ಸುಳ್ಳಲ್ಲ, ಬಾವಿ ಇರುವುದು ಮಾತ್ರ ಒಂದೇ. ಆದರೆ ಕಾಗದ ಪತ್ರದ ವಿಷಯ ಬಂದಾಗ ಅದೇ ಬಾವಿ ಎಂಟಾಣೆ ಅಣ್ಣನದು, ಎಂಟಾಣೆ ತಮ್ಮನದು. ಒಂದೇ ಬಾವಿಗೆ ಎರಡು ಲೆಕ್ಕ: ನೀರಿನ ಲೆಕ್ಕದಲ್ಲಿ ಇಬ್ಬರಿಗೂ ಪೂರ್ತಿ, ಒಡೆತನದ ಲೆಕ್ಕದಲ್ಲಿ ಅರ್ಧರ್ಧ.

ಸಹವೇಲೆನ್ಸೀಯ ಬಂಧದ ಲೆಕ್ಕ ಹೀಗೆಯೇ. ಎರಡು ಪರಮಾಣುಗಳ ನಡುವೆ ಇರುವ ಒಂದು ಜೋಡಿ ಎಲೆಕ್ಟ್ರಾನು ಬದುವಿನ ಮೇಲಿನ ಬಾವಿ. ಹೊರಕವಚ ತುಂಬಿತೋ ಇಲ್ಲವೋ ಎಂದು ನೋಡುವಾಗ ಆ ಜೋಡಿಯನ್ನು ಎರಡೂ ಪರಮಾಣುಗಳಿಗೆ ಪೂರ್ತಿಯಾಗಿ ಎಣಿಸಬೇಕು. ಯಾವ ಪರಮಾಣುವಿನ ಮೇಲೆ ಎಷ್ಟು ಆವೇಶ ಕೂತಿದೆ ಎಂದು ನೋಡುವಾಗ ಒಂದೊಂದಕ್ಕೆ ಒಂದೊಂದು ಎಲೆಕ್ಟ್ರಾನಿನಂತೆ ಒಡೆದು ಎಣಿಸಬೇಕು. ಮೊದಲನೆಯದನ್ನು ನೀರಿನ ಲೆಕ್ಕ, ಎರಡನೆಯದನ್ನು ಎಂಟಾಣೆ ಲೆಕ್ಕ ಎಂದು ಕರೆಯೋಣ. ಚುಕ್ಕಿ ಚಿತ್ರದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡನ್ನು ಬೆರೆಸುವುದರಿಂದ ಆಗುತ್ತವೆ.

ಪಾಲು ಯಾಕೆ ಬೇಕು ಅನ್ನುವುದಕ್ಕೆ “ಎಂಟು ಆದರೆ ಪರಮಾಣುವಿಗೆ ಸಮಾಧಾನ” ಎಂದು ಬಹಳ ಕಡೆ ಬರೆದಿರುತ್ತದೆ. ಇದು ನೆನಪಿಗೆ ಒಳ್ಳೆಯದು, ಕಾರಣವಲ್ಲ. ಪರಮಾಣುವಿಗೆ ಎಣಿಸಲು ಬರುವುದಿಲ್ಲ. ಕಾರಣ ಶಕ್ತಿಯಲ್ಲಿದೆ, ಅದನ್ನು ಹೈಡ್ರೋಜನ್ನಿನಲ್ಲಿ ನೋಡುವುದು ಸುಲಭ. ಎರಡು ಹೈಡ್ರೋಜನ್ ಪರಮಾಣುಗಳು ದೂರ ಇದ್ದಾಗ ಒಂದೊಂದು ಎಲೆಕ್ಟ್ರಾನನ್ನು ಅದರದೇ ನ್ಯೂಕ್ಲಿಯಸ್ ಮಾತ್ರ ಎಳೆಯುತ್ತದೆ. ಹತ್ತಿರ ಬಂದರೆ ಎರಡೂ ಎಲೆಕ್ಟ್ರಾನುಗಳನ್ನು ಎರಡೂ ನ್ಯೂಕ್ಲಿಯಸ್ಸುಗಳು ಎಳೆಯತೊಡಗುತ್ತವೆ. ಇದರಿಂದ ಒಟ್ಟು ಶಕ್ತಿ ಇಳಿಯುತ್ತದೆ. ಇನ್ನೂ ಹತ್ತಿರ ತಳ್ಳಿದರೆ ಧನಾವೇಶದ ಎರಡು ನ್ಯೂಕ್ಲಿಯಸ್ಸುಗಳು ಒಂದನ್ನೊಂದು ಜೋರಾಗಿ ದೂಡುತ್ತವೆ, ಶಕ್ತಿ ಮತ್ತೆ ಏರುತ್ತದೆ. ನಡುವೆ ಒಂದು ತಗ್ಗು ಇದೆ. ಹೈಡ್ರೋಜನ್ನಿಗೆ ಆ ತಗ್ಗು 74 ಪಿಕೋಮೀಟರ್ ಅಂತರದಲ್ಲಿ ಬರುತ್ತದೆ (ಒಂದು ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಮೀಟರ್), ಅದೇ ಬಂಧದ ಉದ್ದ. ಆ ತಗ್ಗಿನಿಂದ ಮೇಲೆತ್ತಿ ಎರಡನ್ನೂ ಬೇರೆ ಮಾಡಲು ಒಂದು ಮೋಲ್‌ಗೆ, ಅಂದರೆ 2 ಗ್ರಾಂ ಹೈಡ್ರೋಜನ್ನಿಗೆ, 436 ಕಿಲೋಜೂಲ್ ಬೇಕು.

ಜೋಡಿ ಎಲೆಕ್ಟ್ರಾನಿನ ಪಾಲೇ ಬಂಧ ಎಂದು 1916ರಲ್ಲಿ ಹೇಳಿದವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಚುಕ್ಕಿ ಚಿತ್ರ ಅವರದೇ. ಕೋವೇಲೆನ್ಸ್, ಅಂದರೆ ಸಹವೇಲೆನ್ಸಿ, ಎಂಬ ಹೆಸರು 1919ರಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಕೊಟ್ಟದ್ದು. ಜೋಡಿಯಾದರೆ ಶಕ್ತಿ ಯಾಕೆ ಇಳಿಯುತ್ತದೆ ಎಂಬುದನ್ನು ಕ್ವಾಂಟಮ್ ಸಿದ್ಧಾಂತದಿಂದ ಹೈಡ್ರೋಜನ್ ಅಣುವಿಗೆ ಲೆಕ್ಕ ಹಾಕಿ ತೋರಿಸಿದ್ದು 1927ರಲ್ಲಿ, ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಸ್ ಲಂಡನ್. ಅಂದರೆ ಚುಕ್ಕಿ ಮೊದಲು ಬಂತು, ಕಾರಣ ಹನ್ನೊಂದು ವರ್ಷ ತಡವಾಗಿ ಬಂತು. ಚುಕ್ಕಿ ಚಿತ್ರ ಒಂದು ಲೆಕ್ಕದ ಪುಸ್ತಕ ಎಂಬುದು ನೆನಪಿರಲಿ, ಅಣುವಿನ ಫೋಟೋ ಅಲ್ಲ.

ಈಗ ಕಾಳು ತನ್ನಿ.

ಮನೆಯ ಶಹಾಬಾದ್ ಕಲ್ಲಿನ ನೆಲವೇ ಒಳ್ಳೆಯ ಪಾಟಿ, ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತದೆ. ಒಂದು ಹಿಡಿ ತೊಗರಿ, ಒಂದು ಹಿಡಿ ಜೋಳ. ತೊಗರಿ ಇಡೀ ಕಾಳಾಗಿರಲಿ, ಬೇಳೆ ಬೇಡ. ಬೇಳೆ ಅಂದರೆ ಒಂದು ಕಾಳಿನ ಅರ್ಧ, ಒಂದು ಎಲೆಕ್ಟ್ರಾನಿಗೆ ಒಂದು ಇಡೀ ಕಾಳು ಎಂಬ ಲೆಕ್ಕವೇ ಗಟ್ಟಿ. ನಡುವಿನ ಪರಮಾಣುವಿನ ಹೊರಕವಚದ ಎಲೆಕ್ಟ್ರಾನುಗಳಿಗೆ ತೊಗರಿ, ಸುತ್ತಲಿನವುಗಳಿಗೆ ಜೋಳ. ಹೊರಕವಚದಲ್ಲಿ ಎಷ್ಟು ಅನ್ನುವುದು ಬಾಯಿಪಾಠ ಇರಬೇಕು: ಹೈಡ್ರೋಜನ್ 1, ಕಾರ್ಬನ್ 4, ನೈಟ್ರೋಜನ್ 5, ಆಕ್ಸಿಜನ್ 6, ಫ್ಲೋರಿನ್ ಮತ್ತು ಕ್ಲೋರಿನ್ 7. ಹೈಡ್ರೋಜನ್ನಿಗೆ ಎರಡು ತುಂಬಿದರೆ ಮುಗಿಯಿತು, ಮಿಕ್ಕವಕ್ಕೆ ಎಂಟು.

ನೀರಿಗೆ ಆರು ತೊಗರಿ, ಎರಡು ಜೋಳ, ಒಟ್ಟು ಎಂಟು ಕಾಳು. ಇವನ್ನು ಮೊದಲೇ ಎಣಿಸಿ ಅಂಗೈಯಲ್ಲಿ ಇಟ್ಟುಕೊಳ್ಳಿ, ಮಿಕ್ಕ ಕಾಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡಿ. ಹತ್ತು ಚುಕ್ಕಿಯ ತಪ್ಪು ಇಲ್ಲಿಗೇ ಸತ್ತಿತು, ಹೊಸ ಕಾಳು ತರಲು ದಾರಿಯೇ ಇಲ್ಲ. ನೆಲದ ಮೇಲೆ ನಡುವೆ ಆಕ್ಸಿಜನ್, ಎರಡು ಬದಿಗೆ ಹೈಡ್ರೋಜನ್ ಬರೆಯಿರಿ. ಒಂದೊಂದು ಹೈಡ್ರೋಜನ್ ಮತ್ತು ಆಕ್ಸಿಜನ್ ನಡುವೆ ಒಂದು ಜೋಳ, ಒಂದು ತೊಗರಿ ಇಡಿ. ನಾಲ್ಕು ಕಾಳು ಖರ್ಚಾದವು, ಕೈಯಲ್ಲಿ ನಾಲ್ಕು ತೊಗರಿ ಉಳಿದವು. ಅವನ್ನು ಆಕ್ಸಿಜನ್ನಿನ ಪಕ್ಕ ಎರಡು ಜೋಡಿಯಾಗಿ ಇಡಿ. ಬಂಧದಲ್ಲಿ ಇಲ್ಲದ ಇವೇ ಒಂಟಿ ಜೋಡಿಗಳು. ಈಗ ಆಕ್ಸಿಜನ್ನಿನ ಸುತ್ತ ಮುಟ್ಟುವ ಕಾಳುಗಳನ್ನೆಲ್ಲ ಸೇರಿಸಿ ಸೀಮೆಸುಣ್ಣದಿಂದ ಒಂದು ವೃತ್ತ ಎಳೆಯಿರಿ: ಎಂಟು. ಒಂದೊಂದು ಹೈಡ್ರೋಜನ್ನಿನ ಸುತ್ತ ವೃತ್ತ ಎಳೆಯಿರಿ: ಎರಡೆರಡು. ವೃತ್ತಗಳು ಒಂದರ ಮೇಲೊಂದು ಬಂದ ಜಾಗದಲ್ಲಿ ಇರುವ ಕಾಳುಗಳೇ ಪಾಲಿನ ಬಾವಿ.

ಎಣಿಕೆ ಮುಗಿದ ಮೇಲೆ ಜೋಳ ತೆಗೆದು ಆ ಜಾಗದಲ್ಲಿ ತೊಗರಿ ಇಡಿಸಿ, ಈ ಹಂತವನ್ನು ಬಿಡಬೇಡಿ. ಬಂಧ ಆದ ಮೇಲೆ ಇದು ಹೈಡ್ರೋಜನ್ನಿನ ಎಲೆಕ್ಟ್ರಾನು, ಇದು ಆಕ್ಸಿಜನ್ನಿನ ಎಲೆಕ್ಟ್ರಾನು ಎಂಬ ಗುರುತು ಪ್ರಕೃತಿಯಲ್ಲಿ ಇಲ್ಲ. ಪಠ್ಯದಲ್ಲಿ ಒಂದು ಕಡೆಯವನ್ನು ಚುಕ್ಕಿಯಿಂದ, ಇನ್ನೊಂದು ಕಡೆಯವನ್ನು ಗುಣಿಸು ಗುರುತಿನಿಂದ ತೋರಿಸುವುದು ನಮ್ಮ ಎಣಿಕೆಯ ಅನುಕೂಲಕ್ಕೆ ಮಾತ್ರ.

ಮೀಥೇನಿನಲ್ಲಿ ಎಂಟೂ ಕಾಳು ನಾಲ್ಕು ಬಂಧಗಳಿಗೆ ಹೋಗುತ್ತವೆ, ಒಂಟಿ ಜೋಡಿ ಇಲ್ಲ. ಅಮೋನಿಯಾದಲ್ಲಿ ಆರು ಕಾಳು ಮೂರು ಬಂಧಕ್ಕೆ, ಒಂದು ಜೋಡಿ ನೈಟ್ರೋಜನ್ನಿನ ಮೇಲೆ ಉಳಿಯುತ್ತದೆ. ಇವೆರಡೂ ಸಲೀಸು. ಕೈ ತಡೆಯುವುದು ಕಾರ್ಬನ್ ಡೈಆಕ್ಸೈಡಿನಲ್ಲಿ.

ಅದರಲ್ಲಿ ನಾಲ್ಕು ತೊಗರಿ, ಹನ್ನೆರಡು ಜೋಳ, ಒಟ್ಟು ಹದಿನಾರು. ನಡುವೆ ಯಾರು? ಎಲೆಕ್ಟ್ರಾನನ್ನು ಕಡಿಮೆ ಎಳೆಯುವವನು ನಡುವೆ, ಇಲ್ಲಿ ಕಾರ್ಬನ್. ಹೈಡ್ರೋಜನ್ ಮಾತ್ರ ಎಂದೂ ನಡುವೆ ಕೂಡುವುದಿಲ್ಲ, ಅದಕ್ಕೆ ಒಂದೇ ಬಂಧ. ಎರಡು ಕಡೆ ಒಂದೊಂದು ಜೋಡಿ ಇಟ್ಟರೆ ನಾಲ್ಕು ಹೋದವು. ಉಳಿದ ಹನ್ನೆರಡನ್ನು ಮೊದಲು ಹೊರಗಿನ ಆಕ್ಸಿಜನ್ನುಗಳಿಗೆ ಆರಾರು ಕೊಡಿ. ಕೈ ಖಾಲಿ. ಆಕ್ಸಿಜನ್ನುಗಳಿಗೆ ಎಂಟೆಂಟು ಆಯಿತು, ಕಾರ್ಬನ್ನಿಗೆ ನಾಲ್ಕೇ. ಇಲ್ಲಿ ಚೀಲ ಬಿಚ್ಚಬೇಕು ಅನಿಸುತ್ತದೆ, ಬಿಚ್ಚಬಾರದು. ಒಂದೊಂದು ಆಕ್ಸಿಜನ್ನಿನ ಪಕ್ಕದಲ್ಲಿರುವ ಒಂಟಿ ಜೋಡಿಗಳಲ್ಲಿ ಒಂದು ಜೋಡಿಯನ್ನು ಬೆರಳಿನಿಂದ ಬದುವಿನ ಮೇಲಕ್ಕೆ ಸರಿಸಿ. ಆಕ್ಸಿಜನ್ನಿಗೆ ಏನೂ ಕಡಿಮೆಯಾಗಲಿಲ್ಲ, ನೀರಿನ ಲೆಕ್ಕದಲ್ಲಿ ಅದು ಇನ್ನೂ ಅದರದೇ. ಕಾರ್ಬನ್ನಿಗೆ ನಾಲ್ಕು ಹೆಚ್ಚಾಗಿ ಎಂಟಾಯಿತು. ಎರಡು ಕಡೆಯೂ ದ್ವಿಬಂಧ.

ಯಾರಾದರೂ ಜಾಣ ಹುಡುಗಿ ಎರಡೂ ಜೋಡಿಯನ್ನು ಒಂದೇ ಆಕ್ಸಿಜನ್ನಿನಿಂದ ಸರಿಸಿ, ಒಂದು ಕಡೆ ತ್ರಿಬಂಧ ಇನ್ನೊಂದು ಕಡೆ ಏಕಬಂಧ ಮಾಡಿ “ಇದರಾಗೂ ಎಲ್ಲಾರಿಗೂ ಎಂಟು ಬಂತಲ್ರಿ” ಅನ್ನುತ್ತಾಳೆ. ಅವಳ ಎಣಿಕೆ ಸರಿ. ನೀರಿನ ಲೆಕ್ಕಕ್ಕೆ ಇವೆರಡರ ಭೇದ ತಿಳಿಯುವುದಿಲ್ಲ. ಎಂಟಾಣೆ ಲೆಕ್ಕ ಬೇಕಾಗುವುದು ಇಲ್ಲಿ. ಒಂಟಿ ಜೋಡಿಯ ಕಾಳುಗಳನ್ನು ಪೂರ್ತಿ, ಬಂಧದ ಕಾಳುಗಳನ್ನು ಅರ್ಧ ಎಣಿಸಿ, ಪರಮಾಣು ಮೂಲದಲ್ಲಿ ತಂದ ಸಂಖ್ಯೆಯಿಂದ ಕಳೆಯಿರಿ. ತ್ರಿಬಂಧದ ಆಕ್ಸಿಜನ್ನಿಗೆ ಒಂಟಿ ಜೋಡಿಯ ಎರಡು, ಬಂಧದ ಆರರಲ್ಲಿ ಅರ್ಧ ಮೂರು, ಒಟ್ಟು ಐದು. ಆರು ತಂದು ಐದು ಉಳಿಸಿಕೊಂಡರೆ ಅದರ ಮೇಲೆ +1. ಏಕಬಂಧದ ಆಕ್ಸಿಜನ್ನಿಗೆ ಆರು ಮತ್ತು ಒಂದು, ಏಳು, ಅಂದರೆ -1. ಎರಡು ದ್ವಿಬಂಧದ ಚಿತ್ರದಲ್ಲಿ ಮೂರೂ ಪರಮಾಣುಗಳ ಮೇಲೆ ಸೊನ್ನೆ. ಆವೇಶಗಳು ಸೊನ್ನೆಗೆ ಹತ್ತಿರ ಇರುವ ಚಿತ್ರವೇ ಮೇಲು. ಅಳತೆಯೂ ಅದನ್ನೇ ಹೇಳುತ್ತದೆ: ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡೂ ಬಂಧ 116 ಪಿಕೋಮೀಟರ್, ಒಂದರಂತೆ ಇನ್ನೊಂದು.

ನೈಟ್ರೋಜನ್ ಅಣುವಿಗೆ ಹತ್ತು ಕಾಳು. ಇದೇ ಕ್ರಮದಲ್ಲಿ ಹೋದರೆ ತ್ರಿಬಂಧ, ಎರಡು ತುದಿಗೆ ಒಂದೊಂದು ಒಂಟಿ ಜೋಡಿ. 110 ಪಿಕೋಮೀಟರಿನ ಈ ಗಿಡ್ಡ ಬಂಧವನ್ನು ಒಡೆಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್ ಇದ್ದರೂ ಬೆಳೆಗೆ ಯೂರಿಯಾ ಹಾಕಬೇಕಾಗುವುದು ಇದೇ ಕಾರಣಕ್ಕೆ. ಅಮೋನಿಯಾ ಕಾರ್ಖಾನೆಯಲ್ಲಿ ಇದನ್ನು ಮಣಿಸಲು ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ನೂರಾರು ಪಟ್ಟು ವಾಯುಭಾರದ ಒತ್ತಡ ಬೇಕು. ನೀವು ಈಗ ನೆಲದ ಮೇಲೆ ಇಟ್ಟ ತೊಗರಿ ಇದೆಯಲ್ಲ, ಅದರ ಗಿಡದ ಬೇರಿನ ಗಂಟುಗಳಲ್ಲಿ ಇರುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಇದೇ ತ್ರಿಬಂಧವನ್ನು ಹೊಲದ ಮಣ್ಣಿನ ಬಿಸಿಯಲ್ಲೇ ಬಿಡಿಸುತ್ತವೆ. ಹೂವಾಡುವ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ಗಂಟನ್ನು ಚಿವುಟಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ, ಹಸಿರು ಅಥವಾ ಕಂದು ತಿರುಗಿದ್ದರೆ ನಿಂತಿದೆ.

ಅಮೋನಿಯಾದ ಒಂಟಿ ಜೋಡಿಗೆ ವಾಪಸ್ ಬರೋಣ, ಅದರಲ್ಲಿ ಬೀದರಿನ ಒಂದು ವಿಷಯ ಇದೆ. ಬಾವಿಯನ್ನು ಇಬ್ಬರೂ ಕೂಡಿ ತೋಡಿಸಬೇಕು ಅಂತ ಏನಿಲ್ಲ. ಒಬ್ಬನೇ ತೋಡಿಸಿದ ಬಾವಿಗೆ ಪಕ್ಕದ ಹೊಲದವನೂ ಪಾಲುದಾರ ಆಗಬಹುದು. ಎಲೆಕ್ಟ್ರಾನೇ ಇಲ್ಲದ ಹೈಡ್ರೋಜನ್ ಅಯಾನು, ಅಂದರೆ ಬರಿಯ ಪ್ರೋಟಾನು, ಅಮೋನಿಯಾದ ಬಳಿ ಬಂದಾಗ ನೈಟ್ರೋಜನ್ ತನ್ನ ಒಂಟಿ ಜೋಡಿಯನ್ನು ಪಾಲಿಗೆ ಇಡುತ್ತದೆ. ಎರಡೂ ಕಾಳು ಒಂದೇ ಕಡೆಯಿಂದ ಬಂದ ಇಂಥ ಬಂಧಕ್ಕೆ ಕೋಆರ್ಡಿನೇಟ್ ಬಂಧ ಎನ್ನುತ್ತಾರೆ. ಹೀಗೆ ಆದದ್ದು ಅಮೋನಿಯಂ ಅಯಾನು. ಆದ ಮೇಲೆ ನಾಲ್ಕು ಬಂಧಗಳೂ ಸಮ, ಯಾವುದು ಆಮೇಲೆ ಬಂದದ್ದು ಎಂದು ಯಾವ ಉಪಕರಣವೂ ಹೇಳಲಾರದು. ಪುಸ್ತಕದಲ್ಲಿ ಅದಕ್ಕೆ ಬಾಣದ ಗುರುತು ಹಾಕುವುದರಿಂದ ನಾಲ್ಕನೆಯ ಬಂಧ ಬೇರೆ ಜಾತಿಯದು ಎಂಬ ಭ್ರಮೆ ಉಳಿದುಬಿಡುತ್ತದೆ. ಒಮ್ಮೆ ತೋರಿಸಿ ಬಾಣವನ್ನು ಅಳಿಸುವುದು ಒಳ್ಳೆಯದು.

ಈ ಅಮೋನಿಯಂ ಕ್ಲೋರೈಡ್ ಜತೆ ಕೂಡಿದರೆ ನವಸಾಗರ. ಬಿದರಿ ಪಾತ್ರೆಗೆ ಕೊನೆಯಲ್ಲಿ ಕಪ್ಪು ಬಣ್ಣ ಬರಿಸಲು ಬೀದರ ಕೋಟೆಯ ಮಣ್ಣಿನ ಜತೆ ಕಲಸುವುದು ಇದನ್ನೇ. ಪಾತ್ರೆಯ ಸತು ಮತ್ತು ತಾಮ್ರ ಒಂದಕ್ಕೊಂದು ಹಿಡಿದಿರುವುದು ಲೋಹಬಂಧದಿಂದ, ಅಲ್ಲಿ ಹೊರಗಿನ ಎಲೆಕ್ಟ್ರಾನು ಎಲ್ಲ ಪರಮಾಣುಗಳಿಗೂ ಸೇರಿದ್ದು. ಮೇಲೆ ಹಚ್ಚುವ ನವಸಾಗರದಲ್ಲಿ ಅಮೋನಿಯಂ ಮತ್ತು ಕ್ಲೋರೈಡ್ ನಡುವೆ ಅಯಾನಿಕ ಬಂಧ (ಧನ ಮತ್ತು ಋಣ ಆವೇಶಗಳ ಸೆಳೆತ), ಅಮೋನಿಯಂ ಒಳಗೆ ಸಹವೇಲೆನ್ಸೀಯ ಬಂಧ. ಒಂದೇ ಪಾತ್ರೆಯ ಕೆಲಸದಲ್ಲಿ ಮೂರೂ ಬಗೆ ಸಿಗುವ ಇಂಥ ಉದಾಹರಣೆ ನಮ್ಮ ಜಿಲ್ಲೆಗಳಲ್ಲೇ ಇರುವಾಗ ಪಾಠಕ್ಕೆ ಅದನ್ನು ಬಳಸದೆ ಬಿಡಬಾರದು.

ಎಂಟಾಣೆ ಲೆಕ್ಕದಿಂದ ಅಮೋನಿಯಂನ ನೈಟ್ರೋಜನ್ ಮೇಲೆ +1 ಬರುತ್ತದೆ: ಐದು ತಂದಿತು, ನಾಲ್ಕು ಬಂಧದಲ್ಲಿ ಅರ್ಧರ್ಧದಂತೆ ನಾಲ್ಕು ಉಳಿಯಿತು. ಆದರೆ ನಿಜವಾಗಿ ಧನಾವೇಶ ಹೆಚ್ಚು ಕಾಣುವುದು ಹೈಡ್ರೋಜನ್ನುಗಳ ಮೇಲೆ. ಕಾಗದದಲ್ಲಿ ಎಂಟಾಣೆ ಎಂದಿದ್ದರೂ ನೀರು ಸಮನಾಗಿ ಹೋಗುವುದಿಲ್ಲವಲ್ಲ. ಒಬ್ಬನ ಮೋಟಾರು ಮೂರು ಎಚ್‌ಪಿ, ಇನ್ನೊಬ್ಬನದು ಐದು ಎಚ್‌ಪಿ ಆದರೆ ಬಾವಿಯ ನೀರು ಯಾವ ಕಡೆ ಹೆಚ್ಚು ಹರಿಯುತ್ತದೆ ಎಂದು ಹೇಳಬೇಕಿಲ್ಲ. ಪರಮಾಣುವಿನ ಈ ಎಳೆತಕ್ಕೆ ಎಲೆಕ್ಟ್ರೋನೆಗೆಟಿವಿಟಿ ಎನ್ನುತ್ತಾರೆ. ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೆ ಅಂಕಿಗಳನ್ನು ಕೊಟ್ಟರು. ಈಗ ಬಳಕೆಯಲ್ಲಿರುವ ಅಂಕಿ ಹೀಗಿವೆ: ಹೈಡ್ರೋಜನ್ 2.20, ಕಾರ್ಬನ್ 2.55, ನೈಟ್ರೋಜನ್ 3.04, ಕ್ಲೋರಿನ್ 3.16, ಆಕ್ಸಿಜನ್ 3.44, ಫ್ಲೋರಿನ್ 3.98. ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ ಅಂತರ 0.35 ಮಾತ್ರ, ಹೆಚ್ಚುಕಡಿಮೆ ಸಮಪಾಲು. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವೆ 1.24, ಪಾಲು ಆಕ್ಸಿಜನ್ನಿನ ಕಡೆ ವಾಲಿದೆ.

ಅಂತರ 1.7 ದಾಟಿದರೆ ಅಯಾನಿಕ, ಅದರ ಒಳಗಿದ್ದರೆ ಸಹವೇಲೆನ್ಸೀಯ ಎಂಬ ಗೆರೆಯನ್ನು ಕಲ್ಲಿನ ಮೇಲೆ ಕೊರೆದಂತೆ ನಂಬಬೇಡಿ. ಹೈಡ್ರೋಜನ್ ಫ್ಲೋರೈಡಿನಲ್ಲಿ ಅಂತರ 1.78. ಗೆರೆಯ ಪ್ರಕಾರ ಅದು ಉಪ್ಪಿನಂತೆ ಹರಳಾಗಬೇಕಿತ್ತು. ಅದು ಸುಮಾರು 20 ಡಿಗ್ರಿಗೆ ಕುದಿದು ಅನಿಲವಾಗುವ ಸಹವೇಲೆನ್ಸೀಯ ವಸ್ತು. ಸಮಪಾಲಿನಿಂದ ಪೂರ್ತಿ ಕಿತ್ತುಕೊಳ್ಳುವವರೆಗೆ ಇಳಿಜಾರು ಒಂದೇ, ನಡುವೆ ಗೋಡೆ ಇಲ್ಲ.

ಬಂಧ ವಾಲಿದ ಮಾತ್ರಕ್ಕೆ ಅಣು ವಾಲಬೇಕೆಂದಿಲ್ಲ. ಕಾರ್ಬನ್ ಡೈಆಕ್ಸೈಡಿನ ಎರಡು ಬಂಧಗಳೂ ವಾಲಿವೆ, ಆದರೆ ಅಣು ನೆಟ್ಟಗೆ 180 ಡಿಗ್ರಿ ಇರುವುದರಿಂದ ಎರಡು ಎಳೆತಗಳು ಒಂದನ್ನೊಂದು ಕಳೆಯುತ್ತವೆ. ನೀರಿನಲ್ಲಿ ಎರಡು ಒಂಟಿ ಜೋಡಿಗಳು ಜಾಗ ಹಿಡಿದಿರುವುದರಿಂದ ಅಣು 104.5 ಡಿಗ್ರಿಗೆ ಬಾಗುತ್ತದೆ, ಎಳೆತ ಉಳಿಯುತ್ತದೆ. ಒಂದೂ ಒಂಟಿ ಜೋಡಿ ಇಲ್ಲದ ಮೀಥೇನಿನಲ್ಲಿ 109.5, ಒಂದಿರುವ ಅಮೋನಿಯಾದಲ್ಲಿ ಸುಮಾರು 107, ಎರಡಿರುವ ನೀರಿನಲ್ಲಿ 104.5: ಈ ಇಳಿಕೆಯನ್ನು ನೋಡಿದರೆ ನೆಲದ ಮೇಲೆ ಒಂಟಿ ಜೋಡಿಯ ಕಾಳು ಇಡಲು ಮರೆಯುವುದು ಯಾಕೆ ದೊಡ್ಡ ತಪ್ಪು ಅಂತ ತಿಳಿಯುತ್ತದೆ. ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗುವುದಕ್ಕಿಂತ ಅಣುವಿನ ಆಕಾರವೇ ತಪ್ಪಿಹೋಗುವುದು ಹೆಚ್ಚಿನ ನಷ್ಟ.

ನೋಟ್ಸ್‌ಗಳಲ್ಲಿ ಕಾಣುವ ಇನ್ನೊಂದು ವಾಕ್ಯ: “ಸಹವೇಲೆನ್ಸೀಯ ಬಂಧ ದುರ್ಬಲ, ಆದ್ದರಿಂದ ಈ ಸಂಯುಕ್ತಗಳು ಕಡಿಮೆ ಉಷ್ಣತೆಗೆ ಕುದಿಯುತ್ತವೆ.” ಇದನ್ನು ಹೊಡೆದುಹಾಕಿ. ಕುದಿಯುವಾಗ ಅಣುವಿನ ಒಳಗಿನ ಬಂಧ ಮುರಿಯುವುದಿಲ್ಲ, ಅಣುವಿಗೂ ಅಣುವಿಗೂ ನಡುವಿನ ಸೆಳೆತ ಬಿಡುತ್ತದೆ, ಅಷ್ಟೇ. ಕಲಬುರಗಿಯ ಮೇ ತಿಂಗಳಲ್ಲಿ ಕಿಟಕಿಯ ಕೂಲರು ಮಾಡುವ ಕೆಲಸ ನೋಡಿ. 18 ಗ್ರಾಂ ನೀರು ಆವಿಯಾಗಲು ಸುಮಾರು 44 ಕಿಲೋಜೂಲ್ ಬೇಕು, ಆ ಶಾಖವನ್ನು ಅದು ಒಣ ಗಾಳಿಯಿಂದ ಕಿತ್ತುಕೊಳ್ಳುವುದರಿಂದ ಕೋಣೆ ತಂಪಾಗುತ್ತದೆ. ಅದೇ 18 ಗ್ರಾಂ ನೀರಿನ ಆಕ್ಸಿಜನ್ ಹೈಡ್ರೋಜನ್ ಬಂಧಗಳನ್ನು ಮುರಿಯಬೇಕೆಂದರೆ ಎರಡು ಬಂಧಕ್ಕೆ 463ರಂತೆ 926 ಕಿಲೋಜೂಲ್ ಬೇಕು, ಇಪ್ಪತ್ತು ಪಟ್ಟಿಗೂ ಹೆಚ್ಚು. ಕೂಲರಿನಿಂದ ಬರುವುದು ನೀರಾವಿ, ಹೈಡ್ರೋಜನ್ ಅಲ್ಲ. ಬಂಧ ದುರ್ಬಲ ಆಗಿದ್ದರೆ ವಜ್ರ ಅಷ್ಟು ಗಟ್ಟಿ ಇರುತ್ತಿರಲಿಲ್ಲ, ಅದರಲ್ಲಿ ಇರುವುದೂ ಕಾರ್ಬನ್ ಕಾರ್ಬನ್ ನಡುವಿನ ಇದೇ ಬಂಧ.

ಬಂಧ ಮುರಿದರೆ ಶಕ್ತಿ ಬಿಡುಗಡೆ ಆಗುತ್ತದೆ ಎಂಬ ಮಾತೂ ತಪ್ಪು, ಮತ್ತು ಇದು ಪಿಯುಸಿ ದಾಟಿದವರಲ್ಲೂ ಉಳಿದಿರುತ್ತದೆ. ಮುರಿಯಲು ಶಕ್ತಿ ಕೊಡಬೇಕು, ಕೂಡಿದಾಗ ಶಕ್ತಿ ಬರುತ್ತದೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವ ಮೀಥೇನಿಗೆ ಲೆಕ್ಕ ಹಾಕಿ. ಒಂದು ಮೋಲ್, ಅಂದರೆ 16 ಗ್ರಾಂ ಮೀಥೇನಿನ ನಾಲ್ಕು ಬಂಧ ಮುರಿಯಲು 413ರಂತೆ 1652 ಕಿಲೋಜೂಲ್. ಎರಡು ಮೋಲ್ ಆಕ್ಸಿಜನ್ ಮುರಿಯಲು 498ರಂತೆ 996. ಒಟ್ಟು ಖರ್ಚು 2648. ಈಗ ಕೂಡುವುದು: ಕಾರ್ಬನ್ ಡೈಆಕ್ಸೈಡಿನ ಎರಡು ದ್ವಿಬಂಧಕ್ಕೆ 799ರಂತೆ 1598, ಎರಡು ನೀರಿನ ಅಣುಗಳ ನಾಲ್ಕು ಬಂಧಕ್ಕೆ 463ರಂತೆ 1852. ಒಟ್ಟು ಜಮಾ 3450. ಜಮಾದಿಂದ ಖರ್ಚು ಕಳೆದರೆ 802 ಕಿಲೋಜೂಲ್ ಉಳಿಯಿತು, ರೊಟ್ಟಿ ಬೇಯಿಸುವುದು ಆ ಉಳಿಕೆ. ಕಡ್ಡಿ ಗೀರಿ ಹಚ್ಚಬೇಕಾಗುವುದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಜಮಾ ಬರುವ ಮುಂಚೆ ಖರ್ಚಿಗೆ ಕೈಗಡ ಬೇಕು.

ಶಾಲೆಯಲ್ಲಿ ಮಾಡಿ ತೋರಿಸಲು ಸಕ್ಕರೆ ಮತ್ತು ಉಪ್ಪಿನ ಪ್ರಯೋಗ ಸಾಕು, ಆದರೆ ನಮ್ಮ ಭಾಗದಲ್ಲಿ ಅದು ಕೆಡುವ ಒಂದು ಬಗೆ ಇದೆ. 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್ಇಡಿ, ಅದಕ್ಕೆ ಸಾಲಾಗಿ 330 ಓಮ್ ರೆಸಿಸ್ಟರು, ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್ಲು. ರೆಸಿಸ್ಟರ್ ಬಿಟ್ಟರೆ ತುದಿಗಳು ಅಕಸ್ಮಾತ್ ತಾಗಿದ ಕ್ಷಣ ಎಲ್ಇಡಿ ಸುಡುತ್ತದೆ. ಪೆನ್ಸಿಲ್ ತುದಿಗಳನ್ನು ಎರಡು ಸೆಂಟಿಮೀಟರ್ ಅಂತರದಲ್ಲಿ ರಟ್ಟಿಗೆ ಚುಚ್ಚಿ ನಿಲ್ಲಿಸಿ. 100 ಮಿಲಿ ನೀರಿಗೆ ಎರಡು ಚಮಚೆ ಸಕ್ಕರೆ ಒಂದು ಲೋಟದಲ್ಲಿ, ಒಂದು ಚಮಚೆ ಉಪ್ಪು ಇನ್ನೊಂದರಲ್ಲಿ. ಸಕ್ಕರೆಯಲ್ಲಿ ದೀಪ ಹತ್ತಬಾರದು, ಉಪ್ಪಿನಲ್ಲಿ ಹತ್ತಬೇಕು. ಸಕ್ಕರೆ ಕರಗಿದರೂ ಇಡೀ ಅಣುವಾಗಿಯೇ ತೇಲುತ್ತದೆ, ಆವೇಶ ಹೊರುವ ಅಯಾನುಗಳು ಅದರಲ್ಲಿ ಇಲ್ಲ.

ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಸಕ್ಕರೆಯ ಲೋಟದಲ್ಲೂ ದೀಪ ಹತ್ತುತ್ತದೆ. ಸುಣ್ಣಕಲ್ಲಿನ ನೆಲದ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅಯಾನುಗಳು ಮೊದಲೇ ಕರಗಿರುತ್ತವೆ. ಮಕ್ಕಳು “ಸಕ್ಕರೆ ವಿದ್ಯುತ್ ವಾಹಕ” ಎಂದು ಬರೆದರೆ ಅವರು ಕಂಡದ್ದನ್ನೇ ಬರೆದಿರುತ್ತಾರೆ. ಆದ್ದರಿಂದ ಗಾಡಿಯ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ, ಮೊದಲು ಬರೀ ನೀರಿನಲ್ಲಿ ದೀಪ ಹತ್ತುವುದಿಲ್ಲ ಎಂದು ತೋರಿಸಿ, ಆಮೇಲೆ ಸಕ್ಕರೆ ಹಾಕಿ, ಉಪ್ಪನ್ನು ಕೊನೆಗೆ ಮಾಡಿ. ಕ್ರಮ ತಿರುವುಮುರುವು ಆದರೆ ಪೆನ್ಸಿಲ್ ತುದಿಗೆ ಅಂಟಿದ ಉಪ್ಪು ಸಕ್ಕರೆ ನೀರಿಗೆ ಬರುತ್ತದೆ. ಉಪ್ಪಿನ ಲೋಟದಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ, ಒಂದು ತುದಿಯಲ್ಲಿ ಸ್ವಲ್ಪ ಕ್ಲೋರಿನ್ ಏಳುತ್ತದೆ. ಕಿಟಕಿ ತೆರೆದಿರಲಿ.

ತಿಕ್ಕಿದ ಬಾಚಣಿಗೆ ಹಿಡಿದು ನಲ್ಲಿಯ ಸಣ್ಣ ಧಾರೆಯನ್ನು ಬಾಗಿಸುವ ಪ್ರಯೋಗ ಏಪ್ರಿಲ್‌ನ ಒಣ ಹವೆಯಲ್ಲಿ ನಮ್ಮಲ್ಲಿ ಬಹಳ ಚೆಂದ ಬರುತ್ತದೆ, ಮಳೆಗಾಲದಲ್ಲಿ ಆವೇಶ ನಿಲ್ಲುವುದೇ ಇಲ್ಲ. ನೋಡಲು ಮಾಡಿ, ಆದರೆ ನೀರಿನ ಅಣು ವಾಲಿದೆ ಎಂಬುದಕ್ಕೆ ಅದನ್ನು ಸಾಕ್ಷಿ ಮಾಡಬೇಡಿ. ನೀರಿನಲ್ಲಿರುವ ಅಯಾನುಗಳು ಸರಿದರೂ ಧಾರೆ ಹಾಗೆಯೇ ಬಾಗುತ್ತದೆ.

ಚುಕ್ಕಿ ಲೆಕ್ಕ ಸೋಲುವ ಜಾಗಗಳೂ ಗೊತ್ತಿರಲಿ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಆರಕ್ಕೇ ನಿಲ್ಲುತ್ತದೆ. ನೈಟ್ರಿಕ್ ಆಕ್ಸೈಡಿನಲ್ಲಿ ಕಾಳು ಹನ್ನೊಂದು, ಹೇಗೆ ಇಟ್ಟರೂ ಒಂದು ಜೋಡಿಯಿಲ್ಲದೆ ಉಳಿಯುತ್ತದೆ. ಆಕ್ಸಿಜನ್ ಅಣುವಿಗೆ ಹನ್ನೆರಡು ಕಾಳು ಇಟ್ಟರೆ ದ್ವಿಬಂಧ ಬಂದು ಎಲ್ಲವೂ ಜೋಡಿಯಾಗಿ ಕೂಡುತ್ತವೆ, ಆದರೆ -183 ಡಿಗ್ರಿಯಲ್ಲಿ ದ್ರವವಾದ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟುತ್ತದೆ. ಜೋಡಿಯಾಗದ ಎಲೆಕ್ಟ್ರಾನು ಇದ್ದರೆ ಮಾತ್ರ ಹಾಗಾಗುತ್ತದೆ, ಆಕ್ಸಿಜನ್ನಿನಲ್ಲಿ ಅಂಥವು ಎರಡು. ಆ ಎರಡನ್ನು ತೋರಿಸಲು ಅಣು ಕಕ್ಷಕಗಳ ಸಿದ್ಧಾಂತ ಬೇಕು, ಕಾಳಿನಿಂದ ಆಗದು.

ಇನ್ನು ಕಾಳು ಇಟ್ಟ ಆ ನೆಲದ ಕಲ್ಲೇ. ಶಹಾಬಾದ್ ಕಲ್ಲು ಸುಣ್ಣಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ತನ್ನ ಎರಡು ಎಲೆಕ್ಟ್ರಾನನ್ನು ಕೊಟ್ಟೇ ಬಿಟ್ಟಿದೆ, ಪಾಲಿಗೆ ಇಟ್ಟಿಲ್ಲ. ಕಾರ್ಬೊನೇಟಿನ ಒಳಗೆ ಮಾತ್ರ ಪಾಲು. ಕಾರ್ಬನ್ನಿನ ನಾಲ್ಕು, ಮೂರು ಆಕ್ಸಿಜನ್ನಿನ ಹದಿನೆಂಟು, ಕ್ಯಾಲ್ಸಿಯಂ ಕೊಟ್ಟ ಎರಡು, ಒಟ್ಟು 24 ಕಾಳು. ಆ ಎರಡನ್ನು ಮರೆತು 22ಕ್ಕೆ ಕೂತರೆ ಯಾವುದೋ ಒಂದು ಪರಮಾಣುವಿಗೆ ಕಡಿಮೆ ಬೀಳುತ್ತದೆ. ನಡುವೆ ಕಾರ್ಬನ್ ಇಟ್ಟು ಮೂರು ಜೋಡಿ ಬಂಧಕ್ಕೆ, ಉಳಿದ ಹದಿನೆಂಟು ಆಕ್ಸಿಜನ್ನುಗಳಿಗೆ ಆರಾರು. ಕಾರ್ಬನ್ನಿಗೆ ಎರಡು ಕಡಿಮೆ. ಒಂದು ಆಕ್ಸಿಜನ್ನಿನ ಒಂಟಿ ಜೋಡಿ ಸರಿಸಬೇಕು, ಯಾವುದರದ್ದು? ಮೂರರಲ್ಲಿ ಯಾವುದರದ್ದಾದರೂ ಆಗುತ್ತದೆ, ಮೂರು ಚಿತ್ರಗಳೂ ಲೆಕ್ಕಕ್ಕೆ ಸರಿ. ಅಳತೆ ಮಾಡಿದರೆ ಮೂರೂ ಬಂಧ ಸುಮಾರು 129 ಪಿಕೋಮೀಟರ್, ಕಾರ್ಬನ್ ಆಕ್ಸಿಜನ್ ಏಕಬಂಧದ 143ಕ್ಕಿಂತ ಗಿಡ್ಡ, ದ್ವಿಬಂಧದ ಸುಮಾರು 120ಕ್ಕಿಂತ ಉದ್ದ. ದ್ವಿಬಂಧ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಿದೆ ಎಂದು ತಿಳಿಯಬೇಡಿ. ಸರಿಸಿದ ಆ ಜೋಡಿ ಮೂರು ಬದುಗಳ ಮೇಲೂ ಒಟ್ಟಿಗೇ ಹರಡಿದೆ. ಇದನ್ನು ಒಂದೇ ಚಿತ್ರದಲ್ಲಿ ಬರೆಯಲು ಬಾರದ್ದರಿಂದ ಮೂರು ಬರೆದು ನಡುವೆ ಎರಡು ಮೊನೆಯ ಬಾಣ ಹಾಕುತ್ತೇವೆ, ಅದಕ್ಕೆ ಹೆಸರು ರೆಸೊನೆನ್ಸ್.

ಈ ಕಾಳುಗಳನ್ನು ತೆಗೆಯುವ ಮುಂಚೆ ಕಾರ್ಬನ್ ಅಳಿಸಿ ಅಲ್ಲಿ ನೈಟ್ರೋಜನ್ ಬರೆದು ನೋಡಿ, ನೈಟ್ರೇಟ್ ಅಯಾನು. ಕಾಳು ಅಷ್ಟೇ: ಐದು, ಹದಿನೆಂಟು, ಮೇಲೆ ಒಂದು, 24. ಎಂಟಾಣೆ ಲೆಕ್ಕದಲ್ಲಿ ನೈಟ್ರೋಜನ್ ಮೇಲೆ +1, ಏಕಬಂಧದ ಎರಡು ಆಕ್ಸಿಜನ್ನುಗಳ ಮೇಲೆ ಒಂದೊಂದು -1 ಬಂದರೆ ನಿಮ್ಮದು ಸರಿ. ಆ +1 ಕಣ್ಣಿಗೆ ಚುಚ್ಚುತ್ತದೆ ಅಂತ ಇನ್ನೊಂದು ಜೋಡಿಯನ್ನು ಸರಿಸಿ ಎರಡು ದ್ವಿಬಂಧ ಮಾಡಿದರೆ ನೈಟ್ರೋಜನ್ನಿನ ವೃತ್ತದೊಳಗೆ ಹತ್ತು ಕಾಳು ಕೂತಿರುತ್ತವೆ, ಮೊದಲು ಹೇಳಿದ ನೀರಿನ ತಪ್ಪು ಚಿತ್ರದಲ್ಲಿ ಆಕ್ಸಿಜನ್ನಿನ ಸುತ್ತ ಕೂತಂತೆಯೇ.